ಜೋಗದ ತಂತಿಯಲ್ಲಿ ಬಂದುದೇನು?

ಶಿವಮೊಗ್ಗೆಯ ರವೀಂದ್ರನಗರದ ಗೃಹಸ್ಥರೊಬ್ಬರು ಸಂಜೆ ದೀಪದ ಗುಂಡಿಯನ್ನೊತ್ತುತ್ತಾರೆ, ಮನೆ ಬೆಳಗುತ್ತದೆ. ಈ ಬೆಳಕು ಎಲ್ಲಿಂದ ಬಂತೆಂದು ಕೇಳಿದರೆ ಜೋಗದಿಂದ ಬಂತೆಂದು ಹೇಳುವುದು ಆ ಸೀಮೆಯ ವಾಡಿಕೆ. ಹಲವು ವಿದ್ಯುದಾಗಾರಗಳ ತಂತಿಗಳು ಒಂದರೊಡನೊಂದು ಹೆಣೆದುಕೊಂಡು ದೇಶವನ್ನೆಲ್ಲ ವ್ಯಾಪಿಸಿರುವ ಈ ಕಾಲದಲ್ಲಿ ಆ ಮಾತು ಪೂರ್ಣವಾಗಿ ಸತ್ಯವಲ್ಲ. ಆದರೂ ವಾದಕ್ಕೋಸ್ಕರ ಅದನ್ನು ಒಪ್ಪಿಕೊಳ್ಳೋಣ. ನಮ್ಮ ಪ್ರಶ್ನೆ ಬೇರೆ. ಎಲ್ಲಿಂದ ಬಂತೆಂಬುದಲ್ಲ, ಬಂದುದು ಏನು?

ತುಂಗೆಯ ನೀರು ಕಾಲುವೆಯಲ್ಲಿ ಹರಿದು ಗದ್ದೆಯನ್ನು ಸೇರುವಂತೆ, ವಿದ್ಯುತ್ತೆಂಬ ಯಾವುದೋ ಸೂಕ್ಷ್ಮದ್ರವವು ಜೋಗದಲ್ಲಿ ತಂತಿಯೊಳಕ್ಕೆ ತುಂಬಲ್ಪಟ್ಟು, ನೂರು ಕಿಲೋಮೀಟರು ಓಡಿ, ನಮ್ಮ ದೀಪದಲ್ಲಿ ಸುರಿಯುತ್ತದೆಂದು ನಮ್ಮಲ್ಲಿ ಬಹುಮಂದಿ ಭಾವಿಸಿಕೊಂಡಿದ್ದೇವೆ. ಈ ಭಾವನೆ ತಪ್ಪು. ತಪ್ಪಾದರೆ ಆಗಲಿ, ಅದು ಪಂಡಿತರ ಚಿಂತೆ ಎಂದು ಬಿಟ್ಟುಬಿಡುವಂತೆಯೂ ಇಲ್ಲ. ವಿದ್ಯುತ್ತಿನ ಬಲವು ಎಲ್ಲಿ ಇರುತ್ತದೆ, ಎಲ್ಲಿ ಇರುವುದಿಲ್ಲ ಎಂಬುದನ್ನು ತಿಳಿಯದೆ ಮುಂಗಾರಿನ ಸಿಡಿಲಿಗೂ ಕಡಿದುಬಿದ್ದ ತಂತಿಗೂ ಮನುಷ್ಯರೂ ದನಗಳೂ ಬಲಿಯಾಗುತ್ತಿರುವುದು ನಮ್ಮ ನಾಡಿನಲ್ಲಿ ಇನ್ನೂ ನಿಂತಿಲ್ಲ. ಆದಕಾರಣ ಈ ತಿಳಿವಳಿಕೆ ಲೋಕದಲ್ಲಿ ಹೇಗೆ ಬೆಳೆಯಿತು, ನಮ್ಮ ಸೀಮೆಗೆ ಹೇಗೆ ಬಂತು ಎಂಬ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗಿದೆ.

ಉಜ್ಜಿದಾಗ ಹುಲ್ಲುಕಡ್ಡಿಯನ್ನು ಸೆಳೆಯುವ ಮಣಿಯೊಂದನ್ನು ನಮ್ಮ ಹಿಂದಿನವರು ತೃಣಮಣಿ ಎಂದು ಕರೆದಿದ್ದರು. ಗ್ರೀಕರೂ ಅದನ್ನು ಬಲ್ಲರು. ಆದರೆ ಆ ಸೆಳೆತವು ಮಣಿಯ ಗುಣವೆಂದೇ ಎಲ್ಲರೂ ನಂಬಿದ್ದರು; ಅದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗಬಲ್ಲುದೆಂದು ಯಾರಿಗೂ ತೋರಿರಲಿಲ್ಲ. ಅದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬ ಬಡವ. ಬಟ್ಟೆಗೆ ಬಣ್ಣ ಹಾಕುವುದು ಅವನ ಕಸುಬು. 1729ರಲ್ಲಿ ಅವನು ಗಾಜಿನ ಕೊಳವೆಯನ್ನು ಉಜ್ಜಿ, ಅದಕ್ಕೆ ಹುರಿದಾರವನ್ನು ಕಟ್ಟಿ, ದಾರದ ಕೊನೆಗೆ ದಂತದ ಗುಂಡನ್ನು ತೂಗಿಬಿಟ್ಟನು. ಗುಂಡು ದೂರದಲ್ಲಿದ್ದರೂ ಹಿತ್ತಾಳೆಯ ತೆಳುರೇಕುಗಳನ್ನು ಸೆಳೆಯಿತು. ದಾರವನ್ನು ಅಡ್ಡಲಾಗಿ ಬಹುದೂರ ಒಯ್ಯಬೇಕೆಂದು ಅವನೂ ಅವನ ಸ್ನೇಹಿತ ವ್ಹೀಲರನೂ ಅದನ್ನು ರೇಷ್ಮೆಯ ಎಳೆಗಳ ಮೇಲೆ ತೂಗುಹಾಕಿದರು. ಎಳೆ ತೆಳುವಾಗಿರುವುದರಿಂದ ವಿದ್ಯುತ್ತು ಅದರ ಮೂಲಕ ಸೋರಿಹೋಗಲಾರದೆಂಬುದು ಅವರ ಊಹೆ. ಒಮ್ಮೆ ರೇಷ್ಮೆ ತುಂಡಾಯಿತು. ಅಷ್ಟೇ ತೆಳುವಾದ, ಆದರೆ ಗಟ್ಟಿಯಾದ ಹಿತ್ತಾಳೆಯ ತಂತಿಯನ್ನು ಕಟ್ಟಿ ನೋಡಿದರು. ಗುಂಡು ಸತ್ತಂತಾಯಿತು, ಒಂದು ರೇಕೂ ಮೇಲೇಳಲಿಲ್ಲ. ಎಳೆಯ ತೆಳುವಿನಲ್ಲಿ ಏನೂ ಇಲ್ಲ, ಅದು ಯಾವ ಪದಾರ್ಥದ್ದೆಂಬುದರಲ್ಲಿಯೇ ಎಲ್ಲವೂ ಇದೆಯೆಂದು ಆಗ ಗೊತ್ತಾಯಿತು. ವಾಹಕ, ಅವಾಹಕ ಎಂದು ನಾವಿಂದು ಲೀಲಾಜಾಲವಾಗಿ ಆಡುವ ಭೇದವು ತುಂಡಾದ ಒಂದು ರೇಷ್ಮೆಯ ಎಳೆಯಿಂದ ಹುಟ್ಟಿತು. ನ್ಯೂಟನ್ನನ ಸೇಬನ್ನು ಎಲ್ಲರೂ ಬಲ್ಲರು. ಗ್ರೇ ಮಹಾಶಯನ ರೇಷ್ಮೆಯನ್ನು ಬಲ್ಲವರು ವಿರಳ. ರೇಷ್ಮೆಗೆ ಹೆಸರಾದ ನಮ್ಮ ಮೈಸೂರು ಸೀಮೆಯಲ್ಲಾದರೂ ಅದನ್ನು ನೆನೆಯಬೇಕು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡೋಣ. ಗ್ರೇ ಉಪಯೋಗಿಸಿದ ಹುರಿದಾರವು ಚೆನ್ನಾಗಿ ಒಣಗಿದ್ದರೆ ಒಳ್ಳೆಯ ವಾಹಕವಾಗುತ್ತಿರಲಿಲ್ಲ. ಅದರಲ್ಲಿದ್ದ ತೇವವೇ ವಿದ್ಯುತ್ತನ್ನು ಒಯ್ದಿತು. ಒಣಗಿದ ಹಗ್ಗ, ಒಣಗಿದ ಮರ, ಒಣಗಿದ ಗೋಡೆ ಒಂದು ಬಗೆ; ಆಷಾಢದಲ್ಲಿ ನೆನೆದ ಅವೇ ಪದಾರ್ಥಗಳು ಬೇರೊಂದು ಬಗೆ. ಮಲೆನಾಡಿನವರಿಗೆ ಇದು ಮುಂದೆ ಬೇಕಾಗುತ್ತದೆ.

ವಾಹಕಕ್ಕೆ ವಿದ್ಯುತ್ತನ್ನು ಕೊಟ್ಟರೆ ಅದು ವಾಹಕದ ಯಾವ ಭಾಗದಲ್ಲಿ ನಿಲ್ಲುತ್ತದೆ? ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1755ರಲ್ಲಿ ಒಂದು ಬೆಳ್ಳಿಯ ಪಾತ್ರೆಗೆ ವಿದ್ಯುತ್ತನ್ನು ಕೊಟ್ಟು, ರೇಷ್ಮೆದಾರಕ್ಕೆ ಕಟ್ಟಿದ ಬೆಂಡಿನ ಗುಂಡನ್ನು ಅದರೊಳಕ್ಕೆ ಇಳಿಬಿಟ್ಟನು. ಹೊರಗೆ ಬಲವಾಗಿ ಸೆಳೆಯುತ್ತಿದ್ದ ಪಾತ್ರೆ ಒಳಗೆ ಗುಂಡನ್ನು ಎತ್ತಲೂ ಸೆಳೆಯಲಿಲ್ಲ. ತಳವನ್ನು ಮುಟ್ಟಿ ಬಂದರೂ ಗುಂಡಿಗೆ ಏನೂ ಅಂಟಿರಲಿಲ್ಲ. ತನಗೆ ಕಾರಣ ತಿಳಿಯದೆಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಕಾರಣವನ್ನು ಬಗೆದವನು ಹೆನ್ರಿ ಕ್ಯಾವೆಂಡಿಷ್. ಎರಡು ಅರ್ಧಗೋಳಗಳ ಟೊಳ್ಳಿನಲ್ಲಿ ಒಂದು ಗೋಳವನ್ನಿಟ್ಟು, ಒಳಗಿನದಕ್ಕೂ ಹೊರಗಿನದಕ್ಕೂ ತಂತಿಯ ಸಂಬಂಧವನ್ನು ಕಲ್ಪಿಸಿ, ವಿದ್ಯುತ್ತನ್ನು ಕೊಟ್ಟು, ಬಳಿಕ ಸಂಬಂಧವನ್ನು ಕತ್ತರಿಸಿ ಪರೀಕ್ಷಿಸಿದನು. ಒಳಗೋಳದಲ್ಲಿ ಏನೂ ಉಳಿದಿರಲಿಲ್ಲ. ಎಲ್ಲವೂ ಹೊರಮೈಗೆ ಬಂದಿತ್ತು. ವಿದ್ಯುದಾವೇಶಗಳ ನಡುವಣ ಬಲವು ದೂರದ ವರ್ಗಕ್ಕೆ ವಿಲೋಮವಾಗಿದ್ದರೆ ಮಾತ್ರ ಹೀಗಾಗಬಹುದೆಂದು ಅವನು ಗಣಿತದಿಂದ ಕಂಡುಕೊಂಡನು. ಇದು 1773ರ ಸುಮಾರಿನ ಸಂಗತಿ. ಆದರೆ ಆ ಮಹಾನುಭಾವನು ಬರೆದುದನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದನು! 1785ರಲ್ಲಿ ಫ್ರಾನ್ಸಿನ ಕೂಲಂಬ್ ಅದೇ ನಿಯಮವನ್ನು ಬೇರೆ ರೀತಿಯಲ್ಲಿ ಸ್ಥಾಪಿಸಿ ಕೀರ್ತಿಯನ್ನು ಪಡೆದನು. ಕ್ಯಾವೆಂಡಿಷನ ಕಾಗದಗಳನ್ನು ಮ್ಯಾಕ್ಸ್‌ವೆಲ್ ಪ್ರಕಟಿಸಿದುದು 1879ರಲ್ಲಿ. ವಿದ್ಯೆಯನ್ನು ಬಚ್ಚಿಡುವುದು ಸಂಕೋಚದಿಂದಲೇ ಆದರೂ ಲೋಕಕ್ಕೆ ನಷ್ಟವೆಂದೇ ನಮ್ಮ ಅಭಿಪ್ರಾಯ.

ಕಾರಣವು ಸರಳವಾದುದು. ವಾಹಕದಲ್ಲಿ ವಿದ್ಯುದಾವೇಶಗಳಿಗೆ ಓಡಾಡುವ ಸ್ವಾತಂತ್ರ್ಯವಿದೆ. ಒಳಗೆ ಎಲ್ಲಿಯಾದರೂ ವಿದ್ಯುತ್‌ಕ್ಷೇತ್ರವಿದ್ದರೆ, ಎಂದರೆ ಆವೇಶವನ್ನು ತಳ್ಳುವ ಬಲವು ವ್ಯಾಪಿಸಿದ್ದರೆ, ಅವು ಚಲಿಸುತ್ತವೆ. ಬಲವು ಅಳಿಯುವವರೆಗೂ ಚಲಿಸುತ್ತಲೇ ಇರುತ್ತವೆ. ಆದಕಾರಣ ಚಲನೆ ನಿಂತಿತೆಂದರೆ ಒಳಗೆ ಕ್ಷೇತ್ರವು ಶೂನ್ಯವಾಯಿತೆಂದೇ ಅರ್ಥ. ಮಿಕ್ಕ ಆವೇಶವೆಲ್ಲ ಹೊರಮೈಯಲ್ಲಿ, ಅದರಲ್ಲಿಯೂ ಮೊನೆಯಾದ ಕಡೆಗಳಲ್ಲಿ ಹೆಚ್ಚು ಒತ್ತಾಗಿ, ನೆಲಸುತ್ತದೆ. ದೇವರು ಮೈಮೇಲೆ ಬಂದಾಗ ಆವೇಶವೆನ್ನುತ್ತೇವೆ. ವಿದ್ಯುದಾವೇಶವೆಂಬ ಮಾತನ್ನು ರೂಢಿಗೆ ತಂದವರು ಈ ಸ್ವಾರಸ್ಯವನ್ನು ನೆನೆದಿದ್ದರೋ ಇಲ್ಲವೋ, ಲೋಹದ ವಿಷಯದಲ್ಲಿ ಅದು ಅಕ್ಷರಶಃ ಮೈಮೇಲೆಯೇ ಬರುತ್ತದೆ. ಕನ್ನಡದಲ್ಲಿ ಇಂಥ ಮಾತುಗಳಿಗೆ ದಾರಿಮಾಡಿಕೊಟ್ಟವರಲ್ಲಿ ಬೆಳ್ಳಾವೆ ವೆಂಕಟನಾರಾಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಮುಖ್ಯರು. 1918ರಲ್ಲಿ ಅವರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು.

ಇದನ್ನು ಪ್ರಾಣವನ್ನು ಒತ್ತೆಯಿಟ್ಟು ತೋರಿಸಿದವನು ಮೈಕೇಲ್ ಫ್ಯಾರಡೆ. 1836ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಹನ್ನೆರಡು ಅಡಿ ಉದ್ದಗಲ ಎತ್ತರದ ಒಂದು ಗೂಡನ್ನು ಕಟ್ಟಿಸಿ, ಲೋಹದಿಂದ ಹೊದಿಸಿ, ಅದರೊಳಗೆ ತಾನೇ ಕುಳಿತನು. ಹೊರಗಡೆ ಯಂತ್ರದಿಂದ ಗೂಡಿಗೆ ವಿದ್ಯುತ್ತನ್ನು ಕೊಟ್ಟರು. ಹೊರಮೈಯಿಂದ ಕಿಡಿಗಳು ಹಾರಿದವು. ಒಳಗೆ ಕುಳಿತವನ ಸೂಕ್ಷ್ಮಯಂತ್ರಗಳಲ್ಲಿ ಒಂದಾದರೂ ಅಲುಗಲಿಲ್ಲ. ಮೋಟಾರು ಗಾಡಿಯೊಳಗಿದ್ದವರನ್ನು ಸಿಡಿಲು ಸಾಮಾನ್ಯವಾಗಿ ಮುಟ್ಟದಿರುವುದಕ್ಕೆ ಇದೇ ಕಾರಣ. ರಬ್ಬರಿನ ಚಕ್ರಗಳು ಕಾಪಾಡುತ್ತವೆಂಬುದು ಬರಿಯ ಹುಸಿನಂಬಿಕೆ; ಮೋಡದಿಂದ ನೆಲದವರೆಗೂ ಗಾಳಿಯನ್ನು ಸೀಳಿಕೊಂಡು ಬಂದ ಸಿಡಿಲಿಗೆ ಒಂದು ಗೇಣು ರಬ್ಬರು ಯಾವ ಲೆಕ್ಕ? ಕಾಪಾಡುವುದು ಸುತ್ತಲೂ ಇರುವ ಲೋಹದ ಮೈ. ಅದೇ ಕಾರಣದಿಂದ, ಮರದ ಕಂಬಗಳ ಮೇಲೆ ತಗಡು ಹೊದಿಸಿದ ತೋಟದ ಚಪ್ಪರವು ಕಾಪಾಡುವುದಿಲ್ಲ. ಅದಕ್ಕೆ ಮಾಡು ಉಂಟು, ಮೈ ಇಲ್ಲ.

ಇದುವರೆಗೆ ಹೇಳಿದುದು ನಿಂತ ವಿದ್ಯುತ್ತಿನ ಕಥೆ. 1800ರಲ್ಲಿ ಇಟಲಿಯ ವೋಲ್ಟಾ ತನ್ನ ವಿದ್ಯುತ್ಕೋಶವನ್ನು ಪ್ರಕಟಿಸಿದ ಮೇಲೆ ಹೊಸ ಅಧ್ಯಾಯವು ಮೊದಲಾಯಿತು. ಕೋಶವು ತಂತಿಯ ಎರಡು ತುದಿಗಳನ್ನು ಸಮವಾಗಲು ಬಿಡುವುದಿಲ್ಲ. ಆವೇಶಗಳು ಎಷ್ಟು ಓಡಿದರೂ ಅವುಗಳಿಗೆ ನೆಲೆ ಸಿಕ್ಕುವುದಿಲ್ಲ. ಆಗ ವಾಹಕದ ಒಳಗೂ ಕ್ಷೇತ್ರವು ಇದ್ದೇ ಇರುತ್ತದೆ. ಪ್ರವಾಹವೂ ಅದನ್ನು ನೂಕುವ ಒತ್ತಡವೂ ಒಂದಕ್ಕೊಂದು ಅನುಪಾತದಲ್ಲಿವೆಯೆಂದು 1827ರಲ್ಲಿ ತೋರಿಸಿದವನು ಜರ್ಮನಿಯ ಓಮ್ ಎಂಬ ಉಪಾಧ್ಯಾಯ. ಒಂದೇ ಪ್ರಮಾಣದ ಪ್ರವಾಹಕ್ಕೆ ಒಳ್ಳೆಯ ವಾಹಕದಲ್ಲಿ ಅತ್ಯಲ್ಪವಾದ ಕ್ಷೇತ್ರ ಸಾಕು, ಕೆಟ್ಟ ವಾಹಕದಲ್ಲಿ ದೊಡ್ಡ ಕ್ಷೇತ್ರ ಬೇಕು. ಈ ಒಂದು ಮಾತಿನಲ್ಲಿ ನಮ್ಮ ಮುಂದಿನ ವಿಷಯವೆಲ್ಲ ಅಡಗಿದೆ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರು ಹರಿಯುವಾಗ ಮೀಟರಿಗೆ ಸುಮಾರು 0.017 ವೋಲ್ಟು ಮಾತ್ರ ಕ್ಷೇತ್ರವಿರುತ್ತದೆ. ತಂತಿಯ ಮೇಲೆ ಕುಳಿತ ಕಾಗೆಯ ಎರಡು ಕಾಲುಗಳ ನಡುವೆ ಎರಡು ಅಂಗುಲವಿದ್ದರೆ, ಅದರ ಮೈಯನ್ನು ನೂಕುವ ಒತ್ತಡವು ಒಂದು ವೋಲ್ಟಿನ ಸಾವಿರದ ಒಂದು ಪಾಲಿನಷ್ಟು. ಅದು ಸಾಯದಿರುವುದು ಯಾವ ಪುಣ್ಯದಿಂದಲೂ ಅಲ್ಲ.

ಹರಿಯುವುದು ಏನೆಂಬುದು ಇನ್ನೂ ಎಪ್ಪತ್ತು ವರ್ಷ ತಡವಾಗಿ ಗೊತ್ತಾಯಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದನು. 1900ರಲ್ಲಿ ಡ್ರೂಡೆ ಎಂಬ ಜರ್ಮನ್ ವಿದ್ವಾಂಸನು ಲೋಹದೊಳಗೆ ಎಲೆಕ್ಟ್ರಾನುಗಳು ಯಾರಿಗೂ ಸೇರದೆ ಅಲೆಯುತ್ತಿರುತ್ತವೆ, ಕ್ಷೇತ್ರವು ಅವನ್ನು ಒಂದು ಕಡೆಗೆ ನೂಕುತ್ತದೆ, ಅವು ಎಡವುತ್ತ ಮುಗ್ಗರಿಸುತ್ತ ಸಾಗುತ್ತವೆ ಎಂಬ ಚಿತ್ರವನ್ನು ಕೊಟ್ಟನು. ಅನಂತರ ಬಂದವರು ಅದನ್ನು ಬಹಳಮಟ್ಟಿಗೆ ತಿದ್ದಿದ್ದಾರೆ. ಆದರೂ ನಮ್ಮ ಲೆಕ್ಕಕ್ಕೆ ಅದು ಸಾಕು. ಮೇಲೆ ಹೇಳಿದ ತಂತಿಯಲ್ಲಿ ಎಲೆಕ್ಟ್ರಾನಿನ ನಡಿಗೆ ಗಂಟೆಗೆ ಸುಮಾರು ಒಂದು ಗೇಣು. ಬಸವನಹುಳುವೂ ಅದನ್ನು ಹಿಂದೆ ಹಾಕುತ್ತದೆ! ಅದೂ ಒಂದೇ ದಿಕ್ಕಿನ ಪ್ರವಾಹವಾದರೆ. ನಮ್ಮ ಮನೆಗಳಿಗೆ ಬರುವುದು ಸೆಕೆಂಡಿಗೆ ಐವತ್ತು ಸಾರಿ ಹಿಂದುಮುಂದಾಗುವ ಪ್ರವಾಹ. ಅದರಲ್ಲಿ ಎಲೆಕ್ಟ್ರಾನು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ದೂರ ಅತ್ತಿತ್ತ ತೂಗಾಡಿ, ಇದ್ದಲ್ಲಿಯೇ ಇರುತ್ತದೆ. ಇದಲ್ಲದೆ ನಡುವೆ ಒತ್ತಡವನ್ನು ಏರಿಸುವ, ಇಳಿಸುವ ಟ್ರಾನ್ಸ್‌ಫಾರ್ಮರುಗಳಿವೆ. ಅವುಗಳ ಒಂದು ಸುರುಳಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ ತಾಮ್ರದ ಸಂಬಂಧವೇ ಇಲ್ಲ. ಆದ್ದರಿಂದ ಜೋಗದ ಒಂದು ಎಲೆಕ್ಟ್ರಾನಾದರೂ ರವೀಂದ್ರನಗರವನ್ನು ಕಂಡಿಲ್ಲ.

ಹಾಗಾದರೆ ಬಂದುದು ಕ್ಷೇತ್ರ. ತಂತಿಯ ಹೊರಮೈಯಲ್ಲಿ ಹರಡಿಕೊಂಡ ಆವೇಶಗಳು ಅದಕ್ಕೆ ದಾರಿ ತೋರುತ್ತವೆ. ಶಕ್ತಿಯು ತಂತಿಯ ಹೊಟ್ಟೆಯಲ್ಲಿ ಅಲ್ಲ, ಅದರ ಸುತ್ತಲಿನ ಆಕಾಶದಲ್ಲಿ, ಬೆಳಕಿನ ವೇಗಕ್ಕೆ ಹತ್ತಿರವಾದ ವೇಗದಿಂದ ಸಾಗುತ್ತದೆಯೆಂದು 1884ರಲ್ಲಿ ಪಾಯ್ನ್‌ಟಿಂಗ್ ಗಣಿತದಿಂದ ತೋರಿಸಿದನು. ನೂರು ಕಿಲೋಮೀಟರಿಗೆ ಅದಕ್ಕೆ ಬೇಕಾದ ಕಾಲವು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಲೋಹವು ಶಕ್ತಿಯನ್ನು ಹೊರುವ ಹಮಾಲಿಯಲ್ಲ, ದಾರಿ ತೋರುವವನು.

ಈ ವಿದ್ಯೆ ನಮ್ಮ ಸಂಸ್ಥಾನದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಕ್ಕೆ ಬಂದುದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ, ಜೋಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರರ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರವು ನಿರ್ಮಾಣಕ್ಕೆ ಹತ್ತಿತು. ಅಯ್ಯರವರು 1901ರಲ್ಲಿ ತೀರಿಕೊಂಡುದರಿಂದ ಫಲವನ್ನು ಕಾಣಲಿಲ್ಲ. ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ತಂತಿಯನ್ನೆಳೆದರು. ಆ ಕಾಲಕ್ಕೆ ಅದು ಲೋಕದ ಅತ್ಯಂತ ಉದ್ದವಾದ ಮಾರ್ಗಗಳಲ್ಲೊಂದು. ಒತ್ತಡವು ಮೂವತ್ತು ಸಾವಿರ ವೋಲ್ಟಿನ ಮೇಲಿತ್ತು. ಇಷ್ಟು ಒತ್ತಡವೇಕೆಂದರೆ, ಅದೇ ಶಕ್ತಿಯನ್ನು ಹೆಚ್ಚು ಒತ್ತಡದಲ್ಲಿ ಕಳುಹಿಸಿದರೆ ಪ್ರವಾಹವು ಕಡಿಮೆಯಾಗುತ್ತದೆ, ತಂತಿಯೊಳಗಿನ ಕ್ಷೇತ್ರವೂ ಕಡಿಮೆಯಾಗುತ್ತದೆ, ದಾರಿಯಲ್ಲಿ ಶಾಖವಾಗಿ ಹೋಗುವ ನಷ್ಟವೂ ತಗ್ಗುತ್ತದೆ. ಆದರೆ ಒಳಗೆ ಇಳಿಸಿದ ಕ್ಷೇತ್ರವು ಹೊರಗೆ ಏರುತ್ತದೆ. ಅದನ್ನು ತಡೆಯಲು ಪಿಂಗಾಣಿಯ ಗಂಟೆಗಳು ಬೇಕು. ಮಳೆಯಲ್ಲಿಯೂ ಅವುಗಳ ಒಳಮಡಿಕೆ ಒಣಗಿರಬೇಕು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು.

ಶರಾವತಿಯ ಸರದಿ ಬರಲು ಇನ್ನೂ ನಾಲ್ಕು ದಶಕಗಳು ಬೇಕಾದವು. 1939ರಲ್ಲಿ ಕೆಲಸವು ಆರಂಭವಾಗಿ, ಯುದ್ಧದಿಂದ ತಡವಾಗಿ, 1948ರಲ್ಲಿ ಜೋಗದ ವಿದ್ಯುದಾಗಾರವು ನಡೆಯತೊಡಗಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದುದು ಅನಂತರ ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. ಎಲ್ಲ ಯಂತ್ರಗಳೂ ಸೇರಿದಾಗ ಅದರ ಶಕ್ತಿ 120 ಮೆಗಾವಾಟು. ಅದಕ್ಕೆ ನೀರನ್ನು ಕೂಡಿಟ್ಟುದು ಮಡೆನೂರಿನ ಹತ್ತಿರದ ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಾಗ ಆ ಹಳೆಯ ಕಟ್ಟೆಯೂ, ಅನೇಕ ಹಳ್ಳಿಗಳೂ, ಗದ್ದೆತೋಟಗಳೂ ನೀರಿನಲ್ಲಿ ಮುಳುಗಿದವು. ಬೇರೆಡೆಗೆ ಹೋಗಿ ನೆಲಸಿದ ಕುಟುಂಬಗಳ ಭೂಮಿಯ ಹಕ್ಕು ದಶಕಗಳ ಕಾಲ ಬಗೆಹರಿಯದೆ ಉಳಿಯಿತು. ಹಿನ್ನೀರಿನ ಕೆಲವು ಹಳ್ಳಿಗಳು ತಮ್ಮ ತಲೆಯ ಮೇಲೆ ತಂತಿ ಹಾದುಹೋದರೂ ಬಹುಕಾಲ ಚಿಮಣಿ ದೀಪದಲ್ಲಿಯೇ ಇದ್ದವು. ದೊಡ್ಡ ತಂತಿಯಿಂದ ಹಳ್ಳಿಗೆ ವಿದ್ಯುತ್ತನ್ನು ಇಳಿಸಬೇಕಾದರೆ ಟ್ರಾನ್ಸ್‌ಫಾರ್ಮರು ಬೇಕು, ಕಂಬ ಬೇಕು, ಖರ್ಚು ಬೇಕು. ಕ್ಷೇತ್ರವು ತಾನಾಗಿ ಇಳಿದುಬರುವುದಿಲ್ಲ. ಜೋಗದ ಕೀರ್ತಿಯನ್ನು ಹಾಡುವಾಗ ಈ ಮಾತನ್ನು ಮರೆಯುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಆ ದೊಡ್ಡ ತಂತಿಗಳ ಕೆಳಗಿನ ರಸ್ತೆಯಲ್ಲಿ ಹೋಗುವವರಿಗೆ ‘ಸುಯ್’ ಎಂಬ ಸದ್ದು ಕೇಳುತ್ತದೆ. ತಂತಿಯ ಮೈಗೆ ಅಂಟಿದ ಹನಿಗಳು ಮೊನೆಗಳಾಗಿ, ಅಲ್ಲಿ ಆವೇಶವು ಒತ್ತಾಗಿ, ಸುತ್ತಲಿನ ಗಾಳಿ ಅದನ್ನು ತಡೆಯಲಾರದೆ ಸೋಲುವ ಸದ್ದು ಅದು.

ಇನ್ನು ಭದ್ರಾವತಿ. ಅಲ್ಲಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಉರಿಯತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ಕಷ್ಟಕಾಲದಲ್ಲಿ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ನಿಲ್ಲಿಸಿದರು. ಅದುರು ಕೆಮ್ಮಣ್ಣುಗುಂಡಿಯದು, ಕಲ್ಲಿದ್ದಲು ಹತ್ತಿರದಲ್ಲಿಲ್ಲವಾದ್ದರಿಂದ ಕಾಡಿನ ಮರವನ್ನು ಇದ್ದಿಲುಮಾಡಿ ಕಬ್ಬಿಣವನ್ನು ಕರಗಿಸಿದರು. ಇದ್ದಿಲಿಗೆ ಅಲ್ಲಿ ಎರಡು ಕೆಲಸ: ಅದುರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವುದು ಒಂದು, ಶಾಖವನ್ನು ಕೊಡುವುದು ಇನ್ನೊಂದು. ಜೋಗದ ಶಕ್ತಿ ಬಂದ ಮೇಲೆ, 1950ರ ದಶಕದ ಆರಂಭದಲ್ಲಿ, ವಿದ್ಯುತ್ ಕುಲುಮೆಗಳನ್ನು ಸ್ಥಾಪಿಸಿದರು. ಅಲ್ಲಿ ದಪ್ಪನಾದ ಇಂಗಾಲದ ಕಂಬಗಳನ್ನು ಅದುರು, ಇದ್ದಿಲು, ಸುಣ್ಣದ ಕಲ್ಲುಗಳ ರಾಶಿಯೊಳಕ್ಕೆ ಇಳಿಸಿ ಪ್ರವಾಹವನ್ನು ಹಾಯಿಸುತ್ತಿದ್ದರು. ತಂತಿಯಲ್ಲಿ ಯಾವ ಶಾಖವನ್ನು ತಪ್ಪಿಸಲು ಎಂಜಿನಿಯರರು ನೂರು ಕಿಲೋಮೀಟರು ಹೆಣಗಿದರೋ, ಆ ಶಾಖವನ್ನೇ ಇಲ್ಲಿ ಬೇಡಿ ಪಡೆದರು. ರಾಶಿಯು ತಾಮ್ರಕ್ಕಿಂತ ಬಹಳ ಕೆಟ್ಟ ವಾಹಕ. ಆದ್ದರಿಂದಲೇ ಕ್ಷೇತ್ರವು ಅಲ್ಲಿ ಬಲವಾಗಿ ನಿಂತು, ಆವೇಶಗಳನ್ನು ಮುಗ್ಗರಿಸಿ ಮುಗ್ಗರಿಸಿ ಕಬ್ಬಿಣವನ್ನು ಕರಗಿಸಿತು. ಒಣಮರವು ಅವಾಹಕ, ಅದನ್ನೇ ಚೆನ್ನಾಗಿ ಸುಟ್ಟ ಇದ್ದಿಲು ವಾಹಕ, ಸೋಜಿಗವಲ್ಲವೇ! ಇದ್ದಿಲಿಗೆ ಈಗ ಒಂದೇ ಕೆಲಸ ಉಳಿದುದರಿಂದ, ಒಂದು ಟನ್ನು ಕಬ್ಬಿಣಕ್ಕೆ ಬೇಕಾಗುವ ಇದ್ದಿಲು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಳುಗಿದ ಕಾಡೊಂದು ಕಡೆ, ಉಳಿದ ಮರವೊಂದು ಕಡೆ. ಈ ತಕ್ಕಡಿಯನ್ನು ತೂಗುವುದು ನಮ್ಮ ಕೈಲಾಗದು.

ಕೆಟ್ಟ ವಾಹಕಗಳಲ್ಲಿ ನಾವು ನಿತ್ಯವೂ ತುಳಿಯುವುದೊಂದುಂಟು: ಭೂಮಿ. ಸಿಡಿಲು ಮರಕ್ಕೆ ಬಡಿದು ಬೇರಿನಿಂದ ನೆಲಕ್ಕಿಳಿದರೆ, ಅಥವಾ ಗಾಳಿಮಳೆಗೆ ತಂತಿ ಕಡಿದು ಗದ್ದೆಯಲ್ಲಿ ಬಿದ್ದರೆ, ಪ್ರವಾಹವು ಎಲ್ಲ ದಿಕ್ಕಿಗೂ ಹರಡುತ್ತದೆ, ನೆಲದೊಳಗೆ ಕ್ಷೇತ್ರವೇಳುತ್ತದೆ. ಬಿದ್ದ ಜಾಗದಿಂದ ದೂರ ಹೋದಂತೆ ಅದು ಬೇಗಬೇಗನೆ ಇಳಿಯುತ್ತದೆ. ನೆಲದ ಮೇಲಿನ ಎರಡು ಬಿಂದುಗಳ ನಡುವೆ ಒತ್ತಡದ ಅಂತರವಿರುವುದರಿಂದ, ಅಲ್ಲಿ ಎರಡು ಕಾಲನ್ನಿಟ್ಟು ನಿಂತವರ ಮೈಯಲ್ಲಿ ಪ್ರವಾಹವು ಹಾಯುತ್ತದೆ. ಒಂದು ಲೆಕ್ಕ ಹಾಕೋಣ. ಇಪ್ಪತ್ತು ಸಾವಿರ ಆಂಪಿಯರಿನ ಸಿಡಿಲು ಮಿತವಾದ ತೇವವುಳ್ಳ ನೆಲಕ್ಕೆ ಇಳಿದರೆ, ಇಪ್ಪತ್ತು ಮೀಟರು ದೂರದಲ್ಲಿ ಆ ಕಡೆಗೆ ಮುಖಮಾಡಿ ನಿಂತ ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರು ಅಂತರವಿದೆಯೆಂದು ಇಟ್ಟುಕೊಂಡರೆ, ಆ ಅಂತರದಲ್ಲಿ ಕ್ಷಣಕಾಲ ಸಾವಿರ ವೋಲ್ಟಿಗೂ ಮಿಕ್ಕ ಒತ್ತಡವೇಳುತ್ತದೆ. ಅಲ್ಲಿಯೇ ಕಾಲುಗಳನ್ನು ಒಂದು ಗೇಣಿನಷ್ಟು ಹತ್ತಿರವಿಟ್ಟು ನಿಂತ ಮನುಷ್ಯನಿಗೆ ನೂರೈವತ್ತು ವೋಲ್ಟಿನ ಸುಮಾರು. ಹಸುವಿನಲ್ಲಿ ಪ್ರವಾಹದ ದಾರಿ ಎದೆಯನ್ನು ಹಾಯ್ದು ಹೋಗುತ್ತದೆ. ಮನುಷ್ಯನಲ್ಲಿ ಬಹುಪಾಲು ಕಾಲಿನಿಂದ ಕಾಲಿಗೆ. ಒಂದೇ ಮರದ ಕೆಳಗೆ ದನಗಳು ಸತ್ತು, ಕಾಯುವ ಹುಡುಗನು ಬದುಕಿದನೆಂಬ ವಾರ್ತೆಗಳಲ್ಲಿ ದೈವವನ್ನು ಹುಡುಕುವ ಮುನ್ನ ಈ ಲೆಕ್ಕವನ್ನು ನೋಡಬೇಕು. ಜಂಬಿಟ್ಟಿಗೆಯ ಒಣನೆಲವಾದರೆ ಅಂಕಿಗಳು ಇನ್ನೂ ದೊಡ್ಡವಾಗುತ್ತವೆ, ಏಕೆಂದರೆ ಅದು ಇನ್ನೂ ಕೆಟ್ಟ ವಾಹಕ.

ಅಡಕೆ ತೋಟಗಳಲ್ಲಿ ಈಗ ಬಿದಿರಿನ ಬದಲು ಅಲ್ಯೂಮಿನಿಯಮ್ಮಿನ ಏಣಿಯನ್ನೂ ದೋಟಿಯನ್ನೂ ಹಿಡಿಯುವುದುಂಟು. ಹಗುರವೆಂಬುದು ನಿಜ, ಆದರೆ ತಂತಿ ಹಾದುಹೋಗುವ ತೋಟದಲ್ಲಿ ಅದರ ತುದಿ ತಗುಲಿದರೆ, ಲೋಹದಲ್ಲಿ ಕ್ಷೇತ್ರವು ಅತ್ಯಲ್ಪವಾಗಿ, ತಂತಿಯ ಒತ್ತಡವು ಹೆಚ್ಚುಕಡಮೆ ಎಲ್ಲವೂ ಹಿಡಿದವನ ಅಂಗೈಗೂ ಅಂಗಾಲಿಗೂ ನಡುವೆ ಬಂದು ನಿಲ್ಲುತ್ತದೆ. ಆಷಾಢದಲ್ಲಿ ನೆನೆದ ಬಿದಿರನ್ನೂ ನಂಬುವಂತಿಲ್ಲ.

ಕಡಿದುಬಿದ್ದ ತಂತಿಯನ್ನು ಕಂಡವರು ಹತ್ತಿರ ಹೋಗದೆ, ದನಗಳನ್ನೂ ಮಕ್ಕಳನ್ನೂ ಆ ಕಡೆಗೆ ಬಿಡದೆ, ವಿದ್ಯುತ್ ಕಚೇರಿಗೆ ತಿಳಿಸಬೇಕು. ಅರಿಯದೆ ಹತ್ತಿರ ಬಂದುಬಿಟ್ಟಿದ್ದರೆ ಓಡಬಾರದು, ಉದ್ದುದ್ದ ಹೆಜ್ಜೆ ಹಾಕಬಾರದು. ಎರಡು ಪಾದಗಳನ್ನೂ ಒಂದಕ್ಕೊಂದು ತಾಗಿಸಿಕೊಂಡು, ನೆಲದಿಂದ ಎತ್ತದೆ, ಅಂಗುಲ ಅಂಗುಲವಾಗಿ ಜಾರಿಸುತ್ತ ದೂರ ಸರಿಯಬೇಕು.